ಮೂರು ಹೆಸರಿನ ಒಂದೇ ಹೃದಯ

ನನಗೆ ಮುಖಗಳು ನೆನಪಿನಲ್ಲಿ ಉಳಿಯುವುದಿಲ್ಲ. ಇದು ಸೊಕ್ಕಲ್ಲ, ಮಾಡುವ ಕೆಲಸದಿಂದ ಅಂಟಿದ ಕೆಟ್ಟ ಅಭ್ಯಾಸ. ಮಂಡ್ಯದ ನರ್ಸಿಂಗ್ ಹೋಮೊಂದರಲ್ಲಿ ನಾನು ಹೃದಯದ ಡಾಕ್ಟರು. ದಿನದ ಅರ್ಧ ಭಾಗ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಕೋ ಯಂತ್ರದ ಮುಂದೆ ಕಳೆಯುತ್ತದೆ. ಬಂದವರು ಎಡಮಗ್ಗುಲಿಗೆ ಹೊರಳಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ನಾನು ಅವರ ಬೆನ್ನ ಹಿಂದೆ ಕೂತು ಕೈ ಮುಂದೆ ಚಾಚಿ ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಪರದೆಯ ಮೇಲೆ ಹೃದಯ ನೋಡುತ್ತೇನೆ. ಪೇಟೆಬೀದಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಪೆಚ್ಚುಪೆಚ್ಚಾಗಿ ನಗುತ್ತೇನೆ. ಅದೇ ಜನ ಮತ್ತೆ ಬಂದು ಮಲಗಿ ಹೃದಯ ತೋರಿಸಿದರೆ ಗುರುತು ಹಿಡಿಯುತ್ತೇನೆ. ಹೊಳಲಿನಲ್ಲಿರುವ ನನ್ನ ಅವ್ವನಿಗೆ ಇದು ದೊಡ್ಡ ಅವಮಾನ. ನೆಂಟರಿಷ್ಟರ ಮಕ ನೋಡದ ಡಾಕ್ಟರಿಕೆ ಯಾವ ಸೀಮೆಯದು ಎಂದು ಬೈಯುತ್ತಲೇ ಇರುತ್ತಾಳೆ.

ಈಗ ಬರೆಯಹೊರಟಿರುವ ಹೆಂಗಸಿನ ಮುಖವೂ ನನಗೆ ಪೂರ್ತಿ ನೆನಪಿಲ್ಲ. ಸುಮಾರು ಐವತ್ತೈದರ ಆಸುಪಾಸು, ಸಣ್ಣ ಮೈಕಟ್ಟು, ಬರಿಗಾಲು, ತಲೆಯ ಮೇಲೆ ಸೆರಗು. ಊರು ಚಿಕ್ಕರಸಿನಕೆರೆಯಿಂದ ಆಚೆ. ಹೆಸರು ಗೊತ್ತು, ಆದರೆ ಇಲ್ಲಿ ಹಾಕುವುದಿಲ್ಲ. ಹಾಕಿದರೆ ಅದು ಯಾರಿಗೆ ಹೋಗಿ ಮುಟ್ಟುತ್ತದೋ ಎಂಬ ಅಂಜಿಕೆ ನನಗಿದೆ. ಇಷ್ಟು ಓದಿದವಳಿಗೆ ಇದೆಂಥ ಅಂಜಿಕೆ ಎಂದು ನಗುವವರು ನಗಲಿ.

ನನ್ನ ಕೆಲಸದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಿ.ಪಿ. ಇರುವವರಿಗೆ ಬಹಳ ಸಲ ಏನೂ ಅನ್ನಿಸುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಹೊಲಕ್ಕೆ ಹೋಗುತ್ತಾರೆ, ಮುದ್ದೆ ಉಣ್ಣುತ್ತಾರೆ. ಒಳಗೆ ಮಾತ್ರ ಹೃದಯದ ಎಡಗೋಣೆಯ ಗೋಡೆ ಒತ್ತಡ ತಾಳಿ ತಾಳಿ ದಪ್ಪವಾಗುತ್ತ, ಬಿಗಿಯಾಗುತ್ತ ಹೋಗುತ್ತದೆ. ಇಂಥ ಕೆಲವರ ರಕ್ತದಲ್ಲಿ ಸಿ.ಆರ್.ಪಿ. ಅನ್ನುವ ಒಂದು ಅಂಶ ಏರಿರುತ್ತದೆ. ಮೈಯೊಳಗೆ ಎಲ್ಲೋ ಉರಿಯೂತ ನಡೆದಿದೆ ಅನ್ನುವುದಕ್ಕೆ ಅದು ಗುರುತು. ಹುಳುಕು ಹಲ್ಲಿಗೂ ಏರುತ್ತದೆ, ಕೀಲುನೋವಿಗೂ ಏರುತ್ತದೆ, ಅದೊಂದನ್ನೇ ನಂಬಿ ಏನೂ ಹೇಳಲಾಗದು. ಆದರೆ ಬೇರೆ ಕಾರಣ ಯಾವುದೂ ಕಾಣದೆ ಅದು ಏರಿಯೇ ಇದ್ದವರ ಹೃದಯವನ್ನು ನಾನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತೇನೆ. ಅಂಥವರ ಗೋಡೆ ಒಂದೊಂದು ಬಡಿತದ ಮೇಲೂ ಸಡಿಲಾಗಲು ತಡಮಾಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗಾಗಿ ಬಿ.ಪಿ. ಎಂದು ಬಂದವರಿಗೆಲ್ಲ ರಕ್ತ ಮತ್ತು ಎಕೋ ಎರಡನ್ನೂ ಒಟ್ಟಿಗೆ ಮಾಡಿಸುವುದು ನನ್ನ ರೂಢಿ. ಮಂಡ್ಯದಲ್ಲಿ ದೊಡ್ಡ ಯಂತ್ರವಿದೆ. ಭಾನುವಾರಗಳಲ್ಲಿ ಮದ್ದೂರಿಗೋ ಮಳವಳ್ಳಿಗೋ ಹೋಗುವಾಗ ಸೂಟ್‌ಕೇಸಿನಷ್ಟು ಸಣ್ಣದೊಂದನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತೇನೆ.

ಮೊದಲ ಸಲ ಆಕೆ ಬಂದದ್ದು ಮಂಡ್ಯಕ್ಕೆ. ಚೀಟಿಯಲ್ಲಿ ಜಯಮ್ಮ ಎಂದಿತ್ತು. ಬಲಗಾಲು ಎಳೆದುಕೊಂಡು ಬಂದಳು, ಮಂಚ ಹತ್ತುವುದಕ್ಕೆ ಮುಂಚೆ ಅದರ ಅಂಚನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಗುಡಿಯ ಹೊಸ್ತಿಲಿಗೆ ಮಾಡುವ ಹಾಗೆ. ಬಿ.ಪಿ. ವಿಪರೀತ ಏರಿತ್ತು, ಗೋಡೆ ದಪ್ಪವಾಗಿತ್ತು. ಎಡಗೋಣೆಯ ನಡುವೆ ಅಡ್ಡಲಾಗಿ ಒಂದು ಎಳೆ ಕಟ್ಟಿಕೊಂಡಿತ್ತು, ಬಟ್ಟೆ ಒಣಹಾಕಲು ಮನೆಯೊಳಗೆ ಹಗ್ಗ ಕಟ್ಟಿರುತ್ತಾರಲ್ಲ, ಹಾಗೆ. ಅದರ ಒಂದು ತುದಿಯಲ್ಲಿ ಬಿಳಿಯ ಚುಕ್ಕೆ. ಇಂಥ ಎಳೆ ಹುಟ್ಟಿನಿಂದಲೇ ಬಂದದ್ದು, ಹಲವರಿಗೆ ಇರುತ್ತದೆ, ಕೇಡೇನಿಲ್ಲ. ಆದರೆ ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗೆ ಇರುವುದಿಲ್ಲ. ರಕ್ತದ ವರದಿ ಬಂದಾಗ ಸಿ.ಆರ್.ಪಿ.ಯೂ ಏರಿತ್ತು. ಜಯಮ್ಮನ ಹೆಸರಿಗೆ ಮಾತ್ರೆ ಬರೆದು ಕಳಿಸಿದೆ.

ಎರಡನೆಯ ಸಲ ಮದ್ದೂರು. ಚೀಟಿಯಲ್ಲಿ ಸಾಕಮ್ಮ. ಮಾಸ್ಕು ಹಾಕಿಕೊಂಡು ಮಾತುಮಾತಿಗೂ ಕೆಮ್ಮುವ ಹೆಂಗಸು. ಕಾಲು ಸರಿಯಾಗಿತ್ತು. ಪರದೆಯ ಮೇಲೆ ಎಡಗೋಣೆ ತೆರೆದುಕೊಂಡಾಗ ಅದೇ ಎಳೆ, ಅದೇ ತುದಿಯಲ್ಲಿ ಅದೇ ಚುಕ್ಕೆ. ಹಳೆಯ ಚಿತ್ರ ಯಂತ್ರದಲ್ಲಿ ಉಳಿದಿರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ಇದು ಆ ಯಂತ್ರವೇ ಅಲ್ಲ, ಅದು ಮಂಡ್ಯದಲ್ಲಿದೆ. ಅಷ್ಟರಲ್ಲಿ ಆಕೆ ಎದ್ದು ಹೋಗಿದ್ದಳು.

ಮೂರನೆಯ ಸಲ ಮಳವಳ್ಳಿಯಲ್ಲಿ. ಹೆಸರು ಪುಟ್ಟತಾಯಮ್ಮ. ಈಕೆಗೆ ಕಿವಿ ಕೇಳಿಸುತ್ತಿರಲಿಲ್ಲ. ರಕ್ತ ತೆಗೆಯುವಾಗ ನಾನೇ ಪಕ್ಕದಲ್ಲಿದ್ದೆ. ಸಿರಿಂಜಿನೊಳಗೆ ರಕ್ತ ಏರುವುದನ್ನು ಆಕೆ ಕಣ್ಣು ಮಿಟುಕಿಸದೆ ನೋಡಿ, ತುಟಿಯಲ್ಲೇ "ಸಲ್ಲಲಿ" ಅಂದಳು. ಆಮೇಲೆ ಮಂಚದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಗೋಡೆಯ ಕಡೆ ಹೊರಳಿದಳು. ಪರದೆ ನೋಡಿದೆ. ಎಳೆ ಇತ್ತು, ಚುಕ್ಕೆ ಇತ್ತು. ಗೋಡೆ ಮೊದಲಿಗಿಂತ ಬಿಗಿದಿತ್ತು. ನನ್ನ ಕೈ ತಾಗಿ ಸ್ಟೀಲಿನ ತಟ್ಟೆಯೊಂದು ನೆಲಕ್ಕೆ ಬಿದ್ದು ಕೋಣೆಯೆಲ್ಲ ಝಣಗುಟ್ಟಿತು. ಹೊರಗೆ ಕಾಯುತ್ತಿದ್ದವರು ಕೂಡ ಇಣುಕಿ ನೋಡಿದರು. ಆಕೆ ಬೆಚ್ಚಲಿಲ್ಲ. ಕಿವುಡಿ ಅನ್ನೋಣ. ಆದರೆ ನಾನು ನೋಡುತ್ತಿದ್ದದ್ದು ಮುಖವನ್ನಲ್ಲ, ಹೃದಯವನ್ನು. ನಟಿಸುವವರ ಮೈ ಸುಮ್ಮನಿರಬಹುದು, ಎದೆ ಒಂದು ಸಲವಾದರೂ ಹಾರಿಯೇ ಹಾರುತ್ತದೆ. ಆ ಹೃದಯ ಏನನ್ನೂ ಕೇಳಿಸಿಕೊಳ್ಳದೆ ಅದೇ ವೇಗದಲ್ಲಿ ಬಡಿಯುತ್ತಲೇ ಇತ್ತು.

ಎದ್ದು ಮಂಚ ಸುತ್ತಿ ಹೋಗಿ ಆಕೆಯ ಮುಂದೆ ನಿಂತೆ. ಮಂಡ್ಯಕ್ಕೆ ಜಯಮ್ಮನೆಂದು ಬಂದದ್ದು ನೀವೇ ಅಲ್ಲವೇ ಎಂದು ಗಟ್ಟಿಯಾಗಿ ಕೇಳಿದೆ. ನನ್ನ ತುಟಿಗಳನ್ನೇ ನೋಡಿದಳು, ಕಿವಿ ತೋರಿಸಿ ಕೈಯಾಡಿಸಿದಳು. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಾಯಿತು. ಈ ಹೃದಯ ಜಯಮ್ಮನದಲ್ಲದಿದ್ದರೆ, ನಾನು ಬರೆದ ಮಾತ್ರೆ ನುಂಗುತ್ತಿರುವ ಜಯಮ್ಮ ಯಾರು, ಆಕೆಯ ಗತಿಯೇನು?

ಮಾರನೆಯ ದಿನ ಚೀಟಿಯಲ್ಲಿದ್ದ ವಿಳಾಸ ಹಿಡಿದು ಹೋದೆ. ನಿಜವಾದ ಜಯಮ್ಮ ಕೊಟ್ಟಿಗೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ಎದ್ದರೆ ತಲೆ ತಿರುಗುತ್ತದೆ ಅಂದಳು. ಬಿ.ಪಿ. ನೋಡಿದರೆ ಪಾತಾಳಕ್ಕಿಳಿದಿತ್ತು. ಬಲಗಾಲಿನ ಮಂಡಿನೋವೊಂದು ಬಿಟ್ಟರೆ ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಸುಮ್ಮನೆ ಒಂದು ಸಲ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಗಂಡ ಹೇಳಿದ್ದನಂತೆ. ಸೂಜಿಗೆ ಹೆದರಿ, ಓರಗಿತ್ತಿಯನ್ನು ತನ್ನ ಹೆಸರಿನಲ್ಲಿ ಕಳಿಸಿದ್ದಳು. ಮಾತ್ರೆ ನಿಲ್ಲಿಸಿ, ಸಿಕ್ಕಾಪಟ್ಟೆ ಬೈದೆ. ನಿನ್ನ ಬದಲು ಇನ್ನೊಬ್ಬಳು ಹೋಗಿ ರಕ್ತ ಕೊಡುವುದು ಅಂದರೇನು ಎಂದು ಕೇಳಿದೆ. ಜಯಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಅಕ್ಕ ಎಲ್ಲಾರ್ಗೂ ಓಯ್ತಾರಲ್ಲ ಡಾಕ್ಟ್ರಮ್ಮ. ದ್ಯಾವ್ರೇ ಒಪ್ಕತ್ತಾನೆ, ನಿಮ್ ಮಿಸೀನು ಒಪ್ಕಳಾಕಿಲ್ವ?"

ಹಾಗೆ ನನಗೆ ಆಕೆ ಯಾರೆಂದು ತಿಳಿದದ್ದು. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈ ಕಡೆ ಜಯಮ್ಮ ಮತ್ತು ಆಕೆಯ ಗಂಡ, ಆ ಕಡೆ ಗಂಡನ ಅಣ್ಣನ ಹೆಂಡತಿಯಾದ ಆಕೆ ಒಬ್ಬಳೇ. ಆ ಸುತ್ತಿನಲ್ಲಿ ಯಾರಿಗಾದರೂ ಹರಕೆ ತೀರಿಸಲು ಮೈಯಲ್ಲಿ ತ್ರಾಣವಿಲ್ಲದಿದ್ದರೆ ಈಕೆಗೆ ವೀಳ್ಯದೆಲೆ ಕೊಟ್ಟು ಕಳಿಸುತ್ತಿದ್ದರು. ಬೆಟ್ಟ ಹತ್ತುವುದು, ಉರುಳುಸೇವೆ, ಬಾಯಿಬೀಗ, ಕೊಂಡ ಹಾಯುವುದು, ಎಲ್ಲವನ್ನೂ ಅವರ ಹೆಸರಿನಲ್ಲಿ ಮಾಡಿ ಬರುತ್ತಿದ್ದಳು. ಕಳಿಸಿದವರ ಮನೆಯ ಹೊಸ್ತಿಲು ದಾಟಿದ ಮೇಲೆ ಹಿಂದಿರುಗುವವರೆಗೂ ತನ್ನ ಹೆಸರಿಗೆ ಓಗೊಡುತ್ತಿರಲಿಲ್ಲ. ಬಸುರಿಯೊಬ್ಬಳ ಪರವಾಗಿ ಬೆಟ್ಟ ಹತ್ತಿದಾಗ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ಹತ್ತಿದಳಂತೆ. ಮನೆಯಲ್ಲಿದ್ದ ಬಸುರಿ ಅಂದು, ಎಷ್ಟೋ ದಿನಗಳ ಮೇಲೆ, ಮಗ್ಗುಲು ಬದಲಿಸದೆ ನಿದ್ದೆ ಮಾಡಿದಳಂತೆ. ಇದನ್ನು ಜಯಮ್ಮ ಹೇಳಿದ ರೀತಿಯಲ್ಲಿ ಅಚ್ಚರಿಯೇನೂ ಇರಲಿಲ್ಲ.

ಆಸ್ಪತ್ರೆ ಯಾವಾಗ ಈ ಸಾಲಿಗೆ ಸೇರಿತೋ ಯಾರಿಗೂ ನೆನಪಿಲ್ಲ. ಉಪವಾಸವಿರಬೇಕು, ಬೆಳಗ್ಗೆ ಎದ್ದು ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಮೈಯಿಂದ ಏನಾದರೂ ಕೊಡಬೇಕು. ಅವರ ಕಣ್ಣಿಗೆ ಎರಡೂ ಒಂದೇ ಆಗಿ ಕಂಡಿದ್ದರೆ ನಾನು ಏನೆಂದು ಬೈಯಲಿ?

ಅಂದೇ ಗೋಡೆಯ ಆಚೆ ಹೋದೆ. ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹೆಂಗಸು ನನಗೆ ಪೂರ್ತಿ ಹೊಸಬಳು. ಕಾಲು ಕುಂಟಲಿಲ್ಲ, ಕೆಮ್ಮಲಿಲ್ಲ. ಸೂರಿನ ಮೇಲೆ ಕಾಗೆ ಕೂಗಿದ್ದಕ್ಕೆ ಬೆಚ್ಚಿ, ಎದೆ ಮುಟ್ಟಿಕೊಂಡು, ಹಾಳಾದ್ದು ಎಂದು ಬೈದಳು. ಮಹಾ ಮಾತುಗಾತಿ. ಡಾಕ್ಟರಾಗಿ ಇಷ್ಟು ಬಡಕಲಾಗಿದ್ದೀರಲ್ಲ, ನಿಮ್ಮ ಔಷಧಿ ನೀವೇ ಕುಡಿಯುವುದಿಲ್ಲವೇ ಎಂದು ನನ್ನನ್ನೇ ಛೇಡಿಸಿದಳು. ಮಡಿಲಿಗೆ ಒಂದು ಹಿಡಿ ಕಡಲೆಬೀಜ ಸುರಿದಳು. ಬಿ.ಪಿ. ಪಟ್ಟಿ ಕಟ್ಟಲು ಹೋದೆ, ಕೈ ಹಿಂದಕ್ಕೆ ಎಳೆದುಕೊಂಡಳು. ನಿಮ್ಮ ಬಿ.ಪಿ. ಮೂರು ಸಲ ನೋಡಿದ್ದೇನೆ, ಹೀಗೇ ಬಿಟ್ಟರೆ ಹೃದಯ ಸೋಲುತ್ತದೆ ಎಂದೆ.

"ಅವತ್ ನಾನ್ ಜಯಮ್ಮ ಆಗಿದ್ನಲ್ಲ ಕಣವ್ವ. ಆ ಬೀಪಿ ಜಯಮ್ಮುಂದು. ನಂದೆಂಗಾಯ್ತದೆ?"

ರಕ್ತದಲ್ಲಿ ಉರಿಯೂತದ ಗುರುತೂ ಇದೆ ಎಂದು ಬಿಡಿಸಿ ಹೇಳಿದೆ. ಅದಕ್ಕೆ ಮಾತ್ರ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. ಕೊಂಡ ಹಾಯ್ದ ಕೆಂಡದ ಕಾವು ಕಾಲಿನಲ್ಲೇ ನಿಲ್ಲುವುದಿಲ್ಲವಂತೆ, ಮೇಲಕ್ಕೆ ಹತ್ತಿ ಎದೆಯ ಹತ್ತಿರ ಕೂತುಬಿಡುತ್ತದಂತೆ. ಒಬ್ಬೊಬ್ಬರ ಹೆಸರಿನ ಕಾವು ಒಂದೊಂದು ಕಡೆ ಇರುವುದು ತನಗೆ ಗೊತ್ತಾಗುತ್ತದೆ ಎಂದು ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಬೆರಳು ನಿಂತ ಜಾಗಗಳೆಲ್ಲ ನಾನು ಎಕೋ ಮಾಡುವಾಗ ಯಂತ್ರದ ಕಡ್ಡಿ ಊರುವ ಜಾಗಗಳೇ. ಮೂರು ಸಲ ಮಾಡಿಸಿಕೊಂಡಿದ್ದಾಳೆ, ನೆನಪಿಟ್ಟುಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಾಲು ತೋರಿಸಲು ಹೇಳಿದೆ. ಗಾಯವಿರಲಿಲ್ಲ, ಬೊಬ್ಬೆಯ ಕಲೆಯೂ ಇರಲಿಲ್ಲ. ಹಲ್ಲು, ಕೀಲು, ಒಸಡು, ಎಲ್ಲ ಗಟ್ಟಿ.

ಆ ಮೇಲೆ ನಾನು ಬಿಡದೆ ಹಿಂದೆ ಬಿದ್ದೆ. ಆ ಕಡೆ ಕ್ಯಾಂಪಿದ್ದಾಗಲೆಲ್ಲ ಹೋಗಿ ಜಗಲಿಯ ಮೇಲೆ ಕೂತೆ. ನನಗೆ ಆಕೆ ಇಷ್ಟವಾಗಿದ್ದಳು, ಅದನ್ನು ಮುಚ್ಚಿಡುವುದಿಲ್ಲ. ಉಪ್ಪು ಹೆಚ್ಚಾಗುತ್ತದೆ, ಉಪ್ಸಾರು ಕಡಿಮೆ ಮಾಡಿ ಎಂದರೆ, ಉಪ್ಸಾರಿಲ್ಲದ ಮುದ್ದೆಯನ್ನು ನಿಮ್ಮ ನರ್ಸಿಂಗ್ ಹೋಮಿನಲ್ಲೇ ಬಡಿಸಿ ಎನ್ನುತ್ತಿದ್ದಳು. ಮಾತ್ರೆ ಕೊಟ್ಟರೆ ಇಸಿದುಕೊಂಡು ಗೂಡಿನಲ್ಲಿಟ್ಟು, ಮುಂದಿನ ಸಲ ಹಾಗೇ ವಾಪಸ್ಸು ಕೊಡುತ್ತಿದ್ದಳು. ಕೊನೆಗೆ ಅವಳ ದಾರಿಗೇ ಹೋಗೋಣವೆಂದು, ನನ್ನದೊಂದು ಹರಕೆಯಿದೆ, ನನ್ನ ಹೆಸರಿನಲ್ಲಿ ದಿನಕ್ಕೊಂದು ಮಾತ್ರೆ ನುಂಗಿ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕೊಟ್ಟುದ್ದು ಎಸ್ರಿಗೆ ಸಲ್ತದೆ, ತಿಂದುದ್ದು ಮೈಗೆ ಸಲ್ತದೆ. ನೀವ್ ಇಂಗೆಲ್ಲ ಬುದ್ವಂತ್ಕೆ ಮಾಡ್ಬ್ಯಾಡಿ."

ಹಾಗಾದರೆ ನಿಮ್ಮ ಹೆಸರಿನಲ್ಲೇ ಬನ್ನಿ ಎಂದೆ. ಅದು ಆಗುವುದಿಲ್ಲವಂತೆ. ಬೇರೆಯವರದ್ದು ಹೊರುವವಳು ತನ್ನದನ್ನು ತಾನೇ ಹೊತ್ತರೆ ಇದುವರೆಗೆ ಸಲ್ಲಿಸಿದ್ದೆಲ್ಲ ಕೆಟ್ಟುಹೋಗುತ್ತದೆ. ತನಗಾಗಿ ಇನ್ನೊಬ್ಬರು ಹೋಗಬೇಕು. ಯಾರು ಹೋಗುತ್ತಾರೆ? ಇಡೀ ಸುತ್ತಿನಲ್ಲಿ ಹೋಗುವವಳು ತಾನೊಬ್ಬಳೇ. ಇದನ್ನು ಹೇಳುವಾಗ ಆಕೆಯ ನಗು ನಿಂತಿತ್ತು. ಮೊದಲ ಸಲ ಆ ಮುಖದಲ್ಲಿ ಹೆದರಿಕೆ ಕಂಡೆ. ಉಸಿರು ಸ್ವಲ್ಪ ಕಟ್ಟುತ್ತಿರುವುದನ್ನೂ, ಊದಿದ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಉಳಿಯುವುದನ್ನೂ ಅಂದೇ ಕಂಡೆ. ನನ್ನ ಮಾತಿಗೆ ಬೆಲೆಯಿದ್ದರೆ ನಾಳೆಯೇ ಕರೆದುಕೊಂಡು ಬಾ ಎಂದು ಜಯಮ್ಮನಿಗೆ ಹೇಳಿ ಬಂದೆ.

ಮಾರನೆಯ ದಿನ ಬರಲಿಲ್ಲ. ಭಾನುವಾರ ಬೆಳಗ್ಗೆ ಮದ್ದೂರಿನ ಕ್ಲಿನಿಕ್ಕಿನಲ್ಲಿ ಚೀಟಿಗಳ ನಡುವೆ ಆಕೆಯ ಸ್ವಂತ ಹೆಸರು ಕಂಡು ನನ್ನ ಎದೆ ಹಗುರವಾಯಿತು. ಅಂತೂ ಗೆದ್ದೆ ಎಂದುಕೊಂಡೆ. ಸೆರಗು ಹೊದ್ದ ಹೆಂಗಸು ಬರಿಗಾಲಿನಲ್ಲಿ ಬಂದು, ಮಂಚದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನನ್ನು ಬಡಕಲು ಡಾಕ್ಟ್ರಮ್ಮ ಎಂದು ಕರೆದು ಗೋಡೆಯ ಕಡೆ ಹೊರಳಿದಳು. ಅದೇ ದನಿ, ಮಾತಿನ ಕೊನೆಯನ್ನು ಎಳೆಯುವ ಅದೇ ರೀತಿ. ನೆಮ್ಮದಿಯಿಂದ ಜೆಲ್ ಹಚ್ಚಿದೆ.

ಪರದೆಯ ಮೇಲೆ ಎಳೆ ಇರಲಿಲ್ಲ. ಗೋಡೆ ತೆಳ್ಳಗೆ, ಆರೋಗ್ಯವಾಗಿ, ಸಲೀಸಾಗಿ ಸಡಿಲಾಗುತ್ತಿತ್ತು. ಯಾವ ಕೋನದಿಂದ ನೋಡಿದರೂ ಅದು ಬೇರೆ ಯಾರದೋ ಹೃದಯ. ಆಕೆಯನ್ನು ಹಿಡಿದು ನನ್ನ ಕಡೆ ತಿರುಗಿಸಿದೆ. ಜಯಮ್ಮ.

ನಿಮ್ಮ ಅಕ್ಕ ಎಲ್ಲಿ ಎಂದು ಕೂಗಿದೆ. ಜಯಮ್ಮ ನಿಧಾನವಾಗಿ, ಅಕ್ಕನದೇ ದನಿಯಲ್ಲಿ, ಮೂರು ದಿನದಿಂದ ಮಲಗಲಾಗದೆ ಕೂತೇ ಇದ್ದೇನೆ, ಉಸಿರಾಡಲು ಆಗುತ್ತಿಲ್ಲ, ಒಳ್ಳೆಯ ವರದಿ ಬಂದಿದ್ದರೆ ನನ್ನ ಹೆಸರಿಗೆ ಬರೆದುಕೊಡಿ, ಸರಿಹೋಗುತ್ತದೆ ಅಂದಳು. ತನ್ನ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳಿದಳು. ಹೇಳುವಾಗ ಒಂದು ಸಲವೂ ಏದುಸಿರು ಬಿಡಲಿಲ್ಲ.

ಕ್ಲಿನಿಕ್ಕಿನ ಆಂಬುಲೆನ್ಸ್ ಹೊರಡಿಸಿಕೊಂಡು, ಜಯಮ್ಮನನ್ನೂ ಹತ್ತಿಸಿಕೊಂಡು ಹೋದೆ. ಒಳಗೆ ಆಕೆ ಎರಡು ದಿಂಬಿಗೆ ಒರಗಿ ಕೂತಿದ್ದಳು. ತುಟಿ ನೀಲಿಯಾಗಿತ್ತು, ಎದೆಯಲ್ಲಿ ನೀರು ಗೊರಗೊರ ಅನ್ನುತ್ತಿತ್ತು. ಇಂಜೆಕ್ಷನ್ ಕೊಟ್ಟೆ. ಎತ್ತಲು ಕೈ ಬೇಕಾಗಿ ಜಯಮ್ಮನನ್ನು ಒಳಗೆ ಕರೆದೆ. ಆಕೆ ಹೊಸ್ತಿಲ ಆಚೆ, ಅಂಗಳದಲ್ಲಿ ನಿಂತೇ ಇದ್ದಳು. ಕೊನೆಗೆ ಜಯಮ್ಮನ ಗಂಡ ಬಂದು ಎತ್ತಿಕೊಂಡ. ಬಾಗಿಲು ದಾಟುವಾಗ ಆ ತಾಯಿ ಕತ್ತು ತಿರುಗಿಸಿ, ಅಂಗಳದ ಕಡೆ ನೋಡಿ, ಏನೋ ಹೇಳಲು ತುಟಿಯಾಡಿಸಿದಳು. ದನಿ ಬರಲಿಲ್ಲ. ಮತ್ತೆ ಪ್ರಯತ್ನಪಟ್ಟಳು. ನಾನು ಆಕ್ಸಿಜನ್ ಮಾಸ್ಕನ್ನು ಬಾಯಿಗೆ ಮುಚ್ಚಿ, ಈಗ ಮಾತು ಬೇಡ, ಉಸಿರು ತಗೊಳ್ಳಿ ಎಂದೆ. ಯಾವ ಡಾಕ್ಟರಾದರೂ ಹಾಗೆಯೇ ಮಾಡುತ್ತಾರೆ. ಇವತ್ತಾದರೂ ನಾನು ಹಾಗೆಯೇ ಮಾಡುತ್ತೇನೆ.

ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರುಗಳು. ಡ್ರೈವರು ಹಾರನ್ನು ಒತ್ತಿಯೇ ಹಿಡಿದಿದ್ದ. ನಾಡಿ ನನ್ನ ಬೆರಳ ಕೆಳಗೆ ತೆಳ್ಳಗಾಗುತ್ತ ಬಂತು. ಎಚ್ಚರ ತಪ್ಪಬಾರದೆಂದು ಆಕೆಯ ಹೆಸರು ಹಿಡಿದು ಜೋರಾಗಿ ಕರೆದೆ.

"ಊಂ, ಇವ್ನಿ ಕಣವ್ವ" ಎಂದು ಉತ್ತರ ಬಂತು.

ಬಂದದ್ದು ಸ್ಟ್ರೆಚರಿನಿಂದಲ್ಲ. ಕಾಲ ಬಳಿ ಕೂತಿದ್ದ ಜಯಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಬೆರಳ ಕೆಳಗೆ ನಾಡಿ ನಿಂತಿತ್ತು. ಮಂಡ್ಯ ಮುಟ್ಟುವವರೆಗೂ ಎದೆ ಒತ್ತಿದೆ, ಮಾಡಬೇಕಾದ್ದೆಲ್ಲ ಮಾಡಿದೆ. ಏನೂ ಸಲ್ಲಲಿಲ್ಲ. ಆ ದಿನ ನಾನು ಅತ್ತೆ. ಪೇಷೆಂಟುಗಳಿಗಾಗಿ ಅಳುವವಳಲ್ಲ ನಾನು, ಆಕೆಗಾಗಿ ಅತ್ತೆ.

ಕೆಲವು ತಿಂಗಳ ಮೇಲೆ ಮದ್ದೂರಿನಲ್ಲಿ ಮತ್ತೆ ಆ ಹೆಸರಿನ ಚೀಟಿ ಬಂತು. ಯಾರೋ ಹುಡುಗಾಟ ಮಾಡುತ್ತಿದ್ದಾರೆಂದು ರೇಗಿ ಹೊರಗೆ ಬಂದೆ. ಬೆಂಚಿನ ಮೇಲೆ ಜಯಮ್ಮ, ತಲೆಯ ಮೇಲೆ ಸೆರಗು, ಬರಿಗಾಲು. ಜಯಮ್ಮ ಎಂದು ಕರೆದೆ. ತಿರುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಕೆಯ ಗಂಡ ನನ್ನನ್ನು ಆಚೆ ಕರೆದುಕೊಂಡು ಹೋದ. ಒಳ್ಳೆಯ ಒಕ್ಕಲು ಮನುಷ್ಯ, ಹೆಚ್ಚು ಮಾತಾಡುವವನಲ್ಲ. ನೆಲ ನೋಡುತ್ತ ಹೇಳಿದ.

"ಒಬ್ರ್ ಎಸ್ರಲ್ಲಿ ಓದೋಳ್ನ ಕಳ್ಸಿದೋರೇ ಕರ್ಕೊಬೇಕು ಮೇಡಂ. ಒಸ್ಲಲ್ ನಿಂತು, ಕಾಲ್ಗೆ ನೀರ್ ಉಯ್ದು, ಅವ್ಳ್ ಎಸ್ರಿಡ್ದು ಬಾ ಒಳೀಕೆ ಅನ್ಬೇಕು. ಅಂದ್ರೇನೆ ಅವ್ಳು ತಿರ್ಗ ಅವ್ಳ್ ಆಗೋದು. ನಮ್ಮತ್ಗೆ ಕರ್ಯಾಕ್ ಮುಂಚೆನೇ ಓಗ್ಬುಟ್ರು."

ಅತ್ತಿಗೆಗೆ ಬೇರೆ ಯಾರೂ ಇರಲಿಲ್ಲ, ಜಯಮ್ಮನೇ ಮನಸ್ಸು ಮಾಡಿ ವೀಳ್ಯದೆಲೆ ಇಸಿದುಕೊಂಡು ಹೊರಟಿದ್ದಳಂತೆ. ಸೂಜಿಗೆ ಹೆದರುವ ಜಯಮ್ಮ. ಈಗ ಗೋಡೆಯ ಆಚೆಯ ಮನೆಯಲ್ಲೇ ಮಲಗುತ್ತಾಳೆ, ಅಲ್ಲಿನ ಒಲೆಯಲ್ಲೇ ಬೇಯಿಸಿಕೊಳ್ಳುತ್ತಾಳೆ. ಊರಿನವರು ವೀಳ್ಯದೆಲೆ ತಂದುಕೊಟ್ಟರೆ ಇಸಿದುಕೊಂಡು ಹೊರಡುತ್ತಾಳೆ. ಮಂಡಿನೋವು ಮಾಯವಾಗಿದೆ. ಗಂಡ ತಾನೇ ಹೊಸ್ತಿಲಲ್ಲಿ ನಿಂತು ನೀರು ಸುರಿದು ಕರೆದು ನೋಡಿದ್ದಾನೆ, ದೇವಸ್ಥಾನದಲ್ಲಿ ಕರೆಸಿ ನೋಡಿದ್ದಾನೆ. ನನ್ನ ಮಾತು ಕೇಳಿ ಮಂಡ್ಯದ ಮಾನಸಿಕ ವೈದ್ಯರಿಗೂ ತೋರಿಸಿದ. ಅವರು ಕೇಳಿದ್ದಕ್ಕೆಲ್ಲ ಆಕೆ ತಪ್ಪಿಲ್ಲದೆ ಉತ್ತರ ಕೊಟ್ಟಳಂತೆ, ಹೆಸರೊಂದನ್ನು ಬಿಟ್ಟು. ಆ ವೈದ್ಯರಿಗೆ ಇದಕ್ಕೊಂದು ಹೆಸರು ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ.

ಬಿ.ಪಿ. ನೋಡಿದೆ. ಹಿಂದೆ ನಾನು ಬರೆದ ಮಾತ್ರೆಯಿಂದ ಬಿ.ಪಿ. ಪಾತಾಳಕ್ಕಿಳಿದಿದ್ದ ಅದೇ ತೋಳಿನಲ್ಲಿ ಈಗ ಪಾದರಸ ಮೇಲೆ ಮೇಲೆ ಹೋಯಿತು. ರಕ್ತದಲ್ಲಿ ಸಿ.ಆರ್.ಪಿ. ಏರಿತ್ತು. ದುಃಖವಿದೆ, ನಿದ್ದೆಯಿಲ್ಲ, ಉಪವಾಸ, ಬಿಸಿಲಿನ ನಡಿಗೆ, ಉಪ್ಸಾರು ಎಂದು ನಾನು ಕಾರಣಗಳನ್ನು ಕೂಡಿಹಾಕಿಕೊಂಡೆ. ಯಾವುದೂ ಸುಳ್ಳಲ್ಲ. ಹೃದಯದ ಗೋಡೆ ಇನ್ನೂ ಕೆಟ್ಟಿರಲಿಲ್ಲ, ಈಗಲೇ ಹಿಡಿದರೆ ಉಳಿಯುತ್ತದೆ. ಜಯಮ್ಮನ ಹೆಸರಿಗೆ ಮಾತ್ರೆ ಬರೆದುಕೊಟ್ಟೆ. ಆಕೆ ಹೆಸರನ್ನು ಬೆರಳಿನಿಂದ ತೋರಿಸಿ, ಅವಳದ್ದನ್ನು ಅವಳಿಗೇ ಕೊಡಿ ಎಂದು ಚೀಟಿಯನ್ನು ಮೇಜಿನ ಮೇಲೆ ವಾಪಸ್ಸಿಟ್ಟಳು.

ಗಂಡನ ಮುಖ ನೋಡಿದೆ. ಆತ ತಲೆಯಾಡಿಸಿದ. ಆ ಚೀಟಿ ಹರಿದು, ಸತ್ತವಳ ಹೆಸರಿನಲ್ಲಿ ಇನ್ನೊಂದು ಬರೆದೆ. ಆಕೆ ಒಪ್ಪಿ, ಗಾಜಿನ ಲೋಟದಲ್ಲಿ ನೀರು ಕೇಳಿ, ನನ್ನ ಎದುರಿಗೇ ಮೊದಲ ಮಾತ್ರೆ ನುಂಗಿದಳು. ಅಷ್ಟು ತಿಂಗಳು ಜಗಲಿಯ ಮೇಲೆ ಕೂತು ಆ ತಾಯಿಗೆ ನಾನು ಬೇಡಿಕೊಂಡದ್ದು ಇದೊಂದನ್ನೇ. ಆ ಹೆಸರಿನವರು ಈಗ ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ.

ಹೋದ ಭಾನುವಾರ ಬಂದಿದ್ದರು. ಬಿ.ಪಿ. ಇಳಿದಿದೆ, ರಕ್ತ ತಿಳಿಯಾಗಿದೆ, ಹೃದಯ ಚೆನ್ನಾಗಿದೆ. ಆಕೆ ಕಡಲೆಕಾಯಿಯ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟು ಗೇಟಿನ ಕಡೆ ಹೊರಟಳು. ಗಂಡ ಹಿಂದೆ ಉಳಿದು ಎಲ್ಲ ಸರಿಯಾಯಿತೇ ಎಂದು ಕೇಳಿದ. ಸರಿಯಾಗಿದೆ ಎಂದೆ. ಆತ ಬಾಗಿಲ ಹತ್ತಿರ ಹೋಗಿ ಹೆಂಡತಿಯನ್ನು ಕೂಗಿದ, "ಜಯಾ." ಆಕೆ ನಡೆಯುತ್ತಲೇ ಇದ್ದಳು. ಇನ್ನೊಂದು ಸಲ ಕೂಗಿದ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅತ್ಗೆ" ಅಂದ.

ಆಕೆ ತಕ್ಷಣ ತಿರುಗಿದಳು. "ಬಾರಪ್ಪ, ಬಸ್ಸು ಓಯ್ತದೆ" ಅಂದಳು.